ಬರ್ಮಾದ ಸಾಲ, ಕಾರೈಕುಡಿಯ ಕಂಬ

ಹಳೇ ಪೇಟೆಗಳ ಸರಣಿ, ಭಾಗ 6

ತಮಿಳುನಾಡಿನ ಕಾರೈಕುಡಿಯಲ್ಲಿ ಮುನೀಶ್ವರನ್ ಕೋವಿಲ್ ಬೀದಿ ಅಂತ ಇದೆ. ಅಲ್ಲಿ ಹಳೇ ಸಾಮಾನಿನ ಅಂಗಡಿಗಳದ್ದೇ ರಾಜ್ಯ. ತೇಗದ ಕಂಬ, ಕೆತ್ತನೆ ಬಾಗಿಲು, ಹಿತ್ತಾಳೆ ಕೊಡ, ಮಾಸಿದ ರವಿವರ್ಮನ ಪಟ, ಒಂದರ ಮೇಲೊಂದು ಪೇರಿಸಿದ ಎನಾಮಲ್ ಡಬ್ಬಿಗಳು. ಡಬ್ಬಿ ತಿರುಗಿಸಿ ನೋಡಿದ್ರೆ ಸ್ವೀಡನ್, ಜೆಕೊಸ್ಲೊವಾಕಿಯಾ, ಜಪಾನ್ ಅಂತ ಮುದ್ರೆ. ಈ ಒಣ ಸೀಮೆಗೆ ಸ್ವೀಡನ್ ಡಬ್ಬಿ ಹೇಗೆ ಬಂತು? ಉತ್ತರ ಇರೋದು ಬರ್ಮಾದ ಭತ್ತದ ಗದ್ದೆಯಲ್ಲಿ. ಬಿಕಾಂ ಕ್ಲಾಸಿನವರೇ, ಇದು ನಮ್ಮದೇ ಸಬ್ಜೆಕ್ಟು.

ಚೆಟ್ಟಿನಾಡಿನ ನಾಟ್ಟುಕೋಟ್ಟೈ ಚೆಟ್ಟಿಯಾರರು ಲೇವಾದೇವಿ ಮಾಡ್ತಿದ್ದ ವ್ಯಾಪಾರಿಗಳು. 1852ರಲ್ಲಿ ಬ್ರಿಟಿಷರು ಕೆಳ ಬರ್ಮಾವನ್ನು ವಶಪಡಿಸಿಕೊಂಡ್ರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಬರ್ಮಾ ಅಕ್ಕಿಗೆ ಯುರೋಪಿನ ದಾರಿ ಹತ್ತಿರವಾಯ್ತು. ಕಾಡು ಕಡಿದು ಗದ್ದೆ ಮಾಡೋಕೆ ರೈತನಿಗೆ ದುಡ್ಡು ಬೇಕು. ಬ್ರಿಟಿಷ್ ಬ್ಯಾಂಕುಗಳು ಹಳ್ಳಿ ರೈತನಿಗೆ ನೇರವಾಗಿ ಸಾಲ ಕೊಡ್ತಿರಲಿಲ್ಲ. ಆ ಜಾಗಕ್ಕೆ ಚೆಟ್ಟಿಯಾರರು ಬಂದ್ರು. ತಮ್ಮ ಬಂಡವಾಳದ ಜೊತೆ ಬ್ಯಾಂಕಿನ ಸಾಲವನ್ನೂ ಸೇರಿಸಿ, ಜಮೀನು ಅಡಮಾನ ಇಟ್ಟುಕೊಂಡು ಹೆಚ್ಚಿನ ಬಡ್ಡಿಗೆ ಕೊಟ್ರು. ಆ ಲಾಭವೇ ಊರಲ್ಲಿ ಮನೆಯಾಯ್ತು. ಒಂದು ಬೀದಿಯಿಂದ ಹಿಂದಿನ ಬೀದಿವರೆಗೂ ಚಾಚಿದ ಮನೆ: ಬರ್ಮಾ ತೇಗ, ಇಟಲಿ ಅಮೃತಶಿಲೆ, ಮೊಟ್ಟೆಯ ಬಿಳಿ ಸೇರಿಸಿ ಹೊಳಪು ಕೊಟ್ಟ ಸುಣ್ಣದ ಗೋಡೆ. ಎನಾಮಲ್ ಡಬ್ಬಿಗಳು ಹೆಣ್ಮಕ್ಕಳ ಮದುವೆ ಬಳುವಳಿ. ಒಂದೋ ಎರಡೋ ಅಲ್ಲ, ಡಜನ್‌ಗಟ್ಟಲೆ!

ಆಮೇಲೆ 1930ರ ಆರ್ಥಿಕ ಕುಸಿತ. ಭತ್ತದ ಬೆಲೆ ಅರ್ಧದಷ್ಟು ಬಿತ್ತು, ರೈತರಿಗೆ ಸಾಲ ತೀರಿಸೋಕಾಗಲಿಲ್ಲ, ಅಡಮಾನದ ಜಮೀನು ಚೆಟ್ಟಿಯಾರರ ಕೈಗೆ ಬಂತು. ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳಲ್ಲಿ 1930ರಲ್ಲಿ ಅವರ ಬಳಿ ಇದ್ದದ್ದು ಶೇ. 6ರಷ್ಟು ಜಮೀನು, 1937ಕ್ಕೆ ಶೇ. 25. ಪುಸ್ತಕದಲ್ಲಿ ಆಸ್ತಿ ಬೆಳೀತು, ಕೈಯಲ್ಲಿ ನಗದಿಲ್ಲ. ಇನ್ನೊಂದು ಕಡೆ ಜಮೀನು ಕಳಕೊಂಡ ಬರ್ಮಾ ರೈತನ ಸಿಟ್ಟು. ಆ ಸಿಟ್ಟು ಸುಳ್ಳಲ್ಲ. ಮನೆಗಳ ಅಂದ ಹೊಗಳೋ ರೀಲ್ಸ್‌ನಲ್ಲಿ ಈ ರೈತ ಕಾಣೋದೇ ಇಲ್ಲ, ನಂಗೆ ಅದೇ ಬೇಜಾರು.

1942ರಲ್ಲಿ ಜಪಾನ್ ಸೈನ್ಯ ಬಂತು, ಲಕ್ಷಾಂತರ ಭಾರತೀಯರು ಬರ್ಮಾ ಬಿಟ್ಟರು, ಎಷ್ಟೋ ಜನ ಕಾಡಲ್ಲಿ ನಡೆದುಕೊಂಡೇ. 1948ರಲ್ಲಿ ಸ್ವತಂತ್ರ ಬರ್ಮಾ ಜಮೀನು ರಾಷ್ಟ್ರೀಕರಣದ ಕಾಯ್ದೆ ತಂತು. 1962ರ ಸೇನಾ ದಂಗೆಯ ನಂತರ ಉಳಿದ ವ್ಯಾಪಾರವೂ ಹೋಯ್ತು.

ಊರಲ್ಲಿ ಉಳಿದಿದ್ದು ಮನೆ. ಆದಾಯ ನಿಂತರೂ ಅಂಥ ಮನೆಯ ರಿಪೇರಿ ಖರ್ಚು ನಿಲ್ಲುತ್ತಾ? ಮೇಲಾಗಿ ಮನೆ ಒಬ್ಬರದ್ದಲ್ಲ. ಮೂರು ತಲೆಮಾರು ಕಳೆದ್ರೆ ಹತ್ತಾರು ಪಾಲುದಾರರು, ಒಬ್ಬರು ಚೆನ್ನೈನಲ್ಲಿ, ಇನ್ನೊಬ್ಬರು ಸಿಂಗಾಪುರದಲ್ಲಿ. ಕಂಬವನ್ನ ಪಾಲು ಮಾಡೋಕಾಗಲ್ಲ, ಕಂಬ ಮಾರಿದ ದುಡ್ಡನ್ನ ಮಾಡಬಹುದು. ಹಾಗೆ ಎಷ್ಟೋ ಮನೆಗಳು ಬಿಡಿಬಿಡಿಯಾಗಿ ಈ ಬೀದಿಗೆ ಬಂದ್ವು. ಅಂಗಡಿಯವರನ್ನ ಬೈಯೋದು ಸುಲಭ. ಆದರೆ ಅವರು ತಗೊಳ್ಳದಿದ್ರೆ ಎಷ್ಟೋ ಬಾಗಿಲು ಸೌದೆ ಆಗ್ತಿತ್ತು ಅನ್ನೋದೂ ನಿಜ.

ಇಡೀ ಮನೆಯನ್ನೇ ಉಳಿಸೋ ದಾರಿಯೂ ಇದೆ. ನಮ್ಮ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹರ್ಕೂರು ಮನೆ, ಮುಧೋಳದ ದರ್ಬಾರ್ ಹಾಲ್‌ಗಳನ್ನ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ರು. ಅದಕ್ಕೆ ಬೇಕಾಗೋ ದುಡ್ಡು, ಹಠ ಎಲ್ಲರಿಗೂ ಎಲ್ಲಿಂದ ಬರಬೇಕು? ಚೆಟ್ಟಿನಾಡಿನ ಊರುಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ.

ಅಂದ ಹಾಗೆ, ಕೊಳ್ಳೋ ಆಸೆ ಇದ್ದೋರಿಗೆ: 1972ರ ಕಾಯ್ದೆ ಪ್ರಕಾರ ಕನಿಷ್ಠ 100 ವರ್ಷ ಹಳೆಯ ಕೆತ್ತನೆ, ಕಲಾವಸ್ತುಗಳು ‘ಪುರಾವಸ್ತು’. ಅದನ್ನ ಖಾಸಗಿಯವರು ವಿದೇಶಕ್ಕೆ ಕಳಿಸೋ ಹಾಗಿಲ್ಲ, ಮಾರೋಕೂ ಲೈಸೆನ್ಸ್ ಬೇಕು.

ಇನ್ನೊಂದು ಮಾತು. ಅಲ್ಲಿನ ಹಿತ್ತಾಳೆ ಪಾತ್ರೆಗಳ ಮೇಲೆ ಯಜಮಾನರ ಇನಿಷಿಯಲ್ಸ್ ಕೊರೆದಿರ್ತಾರೆ, ನಮ್ಮ ಮನೆಗಳಲ್ಲೂ ಹೆಸರು ಹಾಕಿಸ್ತಿದ್ರಲ್ಲ, ಹಾಗೇ. ಪಾಲಿಶ್ ಮಾಡಿಸುವಾಗ ಅದನ್ನ ಅಳಿಸಬೇಡ್ರೋ. ನಿಮ್ಮನೆ ಹಳೇ ಕೊಡದ ಮೇಲೆ ಯಾರ ಹೆಸರಿದೆ? ಅಜ್ಜಿ ಹತ್ರ ಕೇಳಿ ಕಾಮೆಂಟ್‌ನಲ್ಲಿ ಹಾಕಿ.