ರೋಮಿಗೆ ಹೋಗುವ ಹಳೆಯ ದಾರಿ, ಸೈಕಲ್ಲಿನವರ ಗುಡಿ



ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಕರೆ ಮಾಡಿ, "ಸಾರ್, ಇಟಲಿಗೆ ಹೋಗಿಬಂದು ಇಷ್ಟು ವರ್ಷವಾಯಿತು, ಅದರ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲವಲ್ಲ" ಎಂದು ಆಕ್ಷೇಪಿಸಿದ. ಅವನ ಮಾತು ನಿಜ. ಮಗಳು ಮಿಲಾನ್ ನಗರದಲ್ಲಿ ಕೆಲಸದಲ್ಲಿದ್ದಾಗ, 2014ರಲ್ಲಿ, ನಾನು ಅಲ್ಲಿ ಆರು ವಾರ ಇದ್ದೆ. ಬರೆಯದೆ ಉಳಿದುದಕ್ಕೆ ಕಾರಣವಿದೆ. ಅದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಇತಿಹಾಸ, ನಲವತ್ತು ವರ್ಷ ಪಾಠ ಹೇಳಿದವನ ಅಭ್ಯಾಸ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಕ್ರಿ.ಶ. 990ರಲ್ಲಿ ಸಿಗೆರಿಕ್ ಎಂಬ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರೋಮಿಗೆ ಹೋದನು. ಪೋಪರ ಕೈಯಿಂದ 'ಪ್ಯಾಲಿಯಮ್' ಎಂಬ ಉಣ್ಣೆಯ ಪಟ್ಟಿಯನ್ನು, ಅಂದರೆ ಅಧಿಕಾರದ ಲಾಂಛನವನ್ನು, ಪಡೆಯುವುದು ಅವನ ಉದ್ದೇಶ. ಹಿಂದಿರುಗುವಾಗ ತಂಗಿದ ಊರುಗಳ ಪಟ್ಟಿಯೊಂದನ್ನು ಬರೆಸಿದನು. ರೋಮಿನಿಂದ ಇಂಗ್ಲಿಷ್ ಕಡಲ್ಗಾಲುವೆಯವರೆಗೆ ಒಟ್ಟು 79 ತಂಗುದಾಣಗಳು. ಅದರಲ್ಲಿ ವರ್ಣನೆಯಿಲ್ಲ, ಊಟ ಹೇಗಿತ್ತೆಂಬ ಮಾತಿಲ್ಲ. ಕ್ರಮಸಂಖ್ಯೆ ಮತ್ತು ಹೆಸರು, ಅಷ್ಟೇ. ಆ ಒಣ ಪಟ್ಟಿಯೇ ಇಂದು 'ವೀಯಾ ಫ್ರಾಂಚಿಜೆನಾ', ಅಂದರೆ ಫ್ರಾಂಕರ ನಾಡಿನಿಂದ ಬರುವ ದಾರಿ, ಎಂಬ ಯಾತ್ರಾಮಾರ್ಗಕ್ಕೆ ಮೂಲಾಧಾರ.

ಆ ಪಟ್ಟಿಯನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಇಟಲಿಯ ಭಾಗದಲ್ಲಿ ಅನೇಕ ಊರುಗಳಿಗೆ ಸಂತರ ಹೆಸರೇ ಇದೆ. ಬೊಲ್ಸೇನಾ ಎಂಬ ಊರನ್ನು ಸಿಗೆರಿಕನ ಪಟ್ಟಿ ಸಂತ ಕ್ರಿಸ್ಟೀನಾ ಎಂದು ಕರೆಯುತ್ತದೆ. ಮೊಂತೆಫಿಯಾಸ್ಕೋನೆಯನ್ನು ಸಂತ ಫ್ಲಾವಿಯಾನ ಎಂದು. ದಣಿದು ಬಂದ ಪಥಿಕನಿಗೆ ಊರೆಂದರೆ ಅಲ್ಲಿಯ ಚರ್ಚು. ನೀರು, ಸೂರು, ರೋಗಕ್ಕೆ ಶುಶ್ರೂಷೆ, ಸತ್ತರೆ ಮಣ್ಣು, ಎಲ್ಲವೂ ಅದರ ಆಸರೆಯಲ್ಲಿಯೇ ದೊರೆಯುತ್ತಿದ್ದವು. ಸಿಯೆನಾ ನಗರದ ಮುಖ್ಯ ಚರ್ಚಿನ ಎದುರಿಗಿರುವ ಸಾಂತಾ ಮಾರಿಯಾ ದೆಲ್ಲಾ ಸ್ಕಾಲಾ ಎಂಬ ದೊಡ್ಡ ಆಸ್ಪತ್ರೆ ಇಂಥ ಯಾತ್ರಿಕರಿಗೂ ಬಡವರಿಗೂ ಅನಾಥ ಶಿಶುಗಳಿಗೂ ಆಶ್ರಯವಾಗಿ ಬೆಳೆದದ್ದು. ನಮ್ಮ ಛತ್ರ, ಅರವಟ್ಟಿಗೆಗಳನ್ನು ಕಂಡವರಿಗೆ ಇದು ಅಪರಿಚಿತವೆನಿಸದು.

ಈ ದಾರಿ ಹುಟ್ಟಿದ್ದು ಭಕ್ತಿಯಿಂದಲ್ಲ, ಯುದ್ಧದಿಂದ. ಆರನೆಯ ಶತಮಾನದಲ್ಲಿ ಇಟಲಿಯನ್ನು ಹೊಕ್ಕ ಲಾಂಬಾರ್ಡರಿಗೆ ಹಳೆಯ ರೋಮನ್ ಹೆದ್ದಾರಿಗಳಲ್ಲಿ ಕೆಲವು ನಿರಾತಂಕವಾಗಿರಲಿಲ್ಲ. ಅವು ಬೈಜಾಂಟಿಯಮ್ ಸಾಮ್ರಾಜ್ಯದ ಹಿಡಿತದಲ್ಲಿದ್ದವು. ಆದ್ದರಿಂದ ಅವರು ಅಪೆನೈನ್ ಬೆಟ್ಟಸಾಲನ್ನು ಇಂದು ಚೀಸಾ ಎಂದು ಕರೆಯುವ ಕಣಿವೆಯಲ್ಲಿ ದಾಟತೊಡಗಿದರು. ಸೈನಿಕರ ಹಿಂದೆ ವ್ಯಾಪಾರಿಗಳು, ವ್ಯಾಪಾರಿಗಳ ಹಿಂದೆ ಯಾತ್ರಿಕರು ಬಂದರು. ಶತಮಾನಗಳ ನಂತರ ಮರೆತುಹೋಗಿದ್ದ ಈ ದಾರಿಯನ್ನು ಯುರೋಪಿನ ಮಂಡಳಿಯು 1994ರಲ್ಲಿ ಸಾಂಸ್ಕೃತಿಕ ಮಾರ್ಗವೆಂದು ಮಾನ್ಯ ಮಾಡಿತು. ಈಗ ರೋಮಿಗೆ ಕೊನೆಯ ನೂರು ಕಿಲೋಮೀಟರನ್ನು ನಡೆದು, ಇಲ್ಲವೇ ಕೊನೆಯ ಇನ್ನೂರು ಕಿಲೋಮೀಟರನ್ನು ಸೈಕಲ್ ತುಳಿದು ಬಂದವರಿಗೆ ಪ್ರಮಾಣಪತ್ರ ಸಿಗುತ್ತದೆ.

ನನ್ನ ಮೊಣಕಾಲುಗಳಿಗೆ ಆ ಭಾಗ್ಯವಿರಲಿಲ್ಲ. ತೊಸ್ಕಾನಾ ಪ್ರಾಂತ್ಯದಲ್ಲಿ, ಸಾನ್ ಕ್ವೀರಿಕೊ ಎಂಬ ಊರಿನಿಂದ ಬಾನ್ಯೊ ವಿನ್ಯೋನಿ ಎಂಬ ಹಳ್ಳಿಗೆ ಐದಾರು ಕಿಲೋಮೀಟರು ಮಗಳೊಡನೆ ನಡೆದೆ. ಸಾನ್ ಕ್ವೀರಿಕೊದ ಚರ್ಚಿನ ಬಾಗಿಲಲ್ಲಿ ಕಂಬಗಳನ್ನು ಹೊತ್ತ ಕಲ್ಲಿನ ಸಿಂಹಗಳಿವೆ. ಬಾನ್ಯೊ ವಿನ್ಯೋನಿಯಲ್ಲಿ ಊರ ನಡುವಿನ ಚೌಕವೇ ಒಂದು ಕೊಳ. ನೆಲದೊಳಗಿನಿಂದ ಬಿಸಿನೀರು ಉಕ್ಕುತ್ತದೆ. ಕಲ್ಲು ಕಟ್ಟಿದ ಆ ಕೊಳವನ್ನು ಕಂಡೊಡನೆ, "ಅಪ್ಪಾ, ಇದು ಕಲ್ಯಾಣಿಯೇ ಅಲ್ಲವೇ?" ಎಂದಳು ಮಗಳು.

ಹಳ್ಳಿಗಾಡಿನ ಹಳೆಯ ಚರ್ಚುಗಳಲ್ಲಿ ಕೆಲವಕ್ಕೆ 'ಪಿಯೇವೆ' ಎಂಬ ಹೆಸರಿದೆ. ಲ್ಯಾಟಿನ್ನಿನ 'ಪ್ಲೆಬ್ಸ್', ಅಂದರೆ ಜನಸಾಮಾನ್ಯರು, ಎಂಬ ಶಬ್ದ ಸವೆದು ಪಿಯೇವೆ ಆಯಿತು. ಸುತ್ತಣ ಹಳ್ಳಿಗಳಲ್ಲಿ ಎಷ್ಟೇ ಚಿಕ್ಕ ಗುಡಿಗಳಿದ್ದರೂ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಹಕ್ಕು ಇದ್ದದ್ದು ಪಿಯೇವೆಗೆ ಮಾತ್ರ. ಹೀಗಾಗಿ ಒಂದು ಸೀಮೆಯ ಜನರೆಲ್ಲ ಒಂದೇ ಕಲ್ಲಿನ ತೊಟ್ಟಿಯಿಂದ ಹೆಸರು ಪಡೆದವರು. ಪಿಯೆಂಜಾ ಊರಿನ ಕೆಳಗಿರುವ ಕೊರ್ಸಿನ್ಯಾನೊ ಎಂಬ ಪಿಯೇವೆಯಲ್ಲಿ 1405ರಲ್ಲಿ ಹುಟ್ಟಿದ ಒಂದು ಮಗುವಿಗೆ ಸ್ನಾನ ಮಾಡಿಸಿದರು. ಆ ಮಗು ಮುಂದೆ ಎರಡನೆಯ ಪಿಯುಸ್ ಎಂಬ ಪೋಪ್ ಆಗಿ, ಹುಟ್ಟಿದ ಹಳ್ಳಿಯನ್ನೇ ಹೊಸದಾಗಿ ಕಟ್ಟಿಸಿ ಅದಕ್ಕೆ ತನ್ನ ಹೆಸರಿಟ್ಟನು.

ಇವುಗಳಿಗಿಂತ ಚಿಕ್ಕವು ದಾರಿಬದಿಯ ಗೂಡುಗಳು. ಕವಲುದಾರಿಯಲ್ಲಿ, ಹೊಲದ ಮೂಲೆಯಲ್ಲಿ ಆಳೆತ್ತರದ ಗೋಡೆ, ಅದರಲ್ಲೊಂದು ಗೂಡು, ಗೂಡಿನೊಳಗೆ ಮಾತೆ ಮೇರಿಯ ಚಿತ್ರ, ಎದುರಿಗೆ ಹೂವು. ಕ್ರೈಸ್ತಮತ ಬರುವ ಮೊದಲೇ ರೋಮನರು ಕವಲುದಾರಿಗಳಲ್ಲಿ ಕಾವಲುದೇವತೆಗಳಿಗೆ ಗುಡಿ ಕಟ್ಟುತ್ತಿದ್ದರು. ದೇವರು ಬದಲಾದರೂ ದಾರಿ ಕವಲೊಡೆಯುವಲ್ಲಿ ಮನುಷ್ಯನಿಗಾಗುವ ಅಳುಕು ಬದಲಾಗಲಿಲ್ಲ.

ಇನ್ನು ನಾನು ಹೇಳಬೇಕಾಗಿರುವ ಗುಡಿಯ ವಿಷಯ. ಉತ್ತರದಲ್ಲಿ ಕೋಮೊ ಸರೋವರದ ಎರಡು ಕವಲುಗಳ ನಡುವಿನ ಗುಡ್ಡದ ಮೇಲೆ, ಸಮುದ್ರಮಟ್ಟದಿಂದ 754 ಮೀಟರ್ ಎತ್ತರದಲ್ಲಿ, ಮಾದೊನ್ನಾ ದೆಲ್ ಘಿಸಾಲ್ಲೊ ಎಂಬ ಪುಟ್ಟ ಚರ್ಚಿದೆ. ಘಿಸಾಲ್ಲೊ ಎಂಬ ಸರದಾರನೊಬ್ಬ ಕಳ್ಳರ ಕೈಗೆ ಸಿಕ್ಕಾಗ ಇಲ್ಲಿದ್ದ ಮೇರಿಮಾತೆಯ ಗೂಡಿನ ಬಳಿಗೆ ಓಡಿ ಬದುಕಿಕೊಂಡನೆಂದು ಐತಿಹ್ಯ. ಇಪ್ಪತ್ತನೆಯ ಶತಮಾನದಲ್ಲಿ ಸೈಕಲ್ ಪಂದ್ಯಗಳು ಈ ಏರನ್ನು ಹತ್ತತೊಡಗಿದವು. ಎರಡನೆಯ ಮಹಾಯುದ್ಧದ ನಂತರದ ಇಟಲಿಯಲ್ಲಿ ಸೈಕಲ್ ಎಂದರೆ ಅನ್ನ. ಡಿ ಸೀಕಾ ಅವರ 'ಬೈಸಿಕಲ್ ಥೀವ್ಸ್' ಚಲನಚಿತ್ರವನ್ನು ನೋಡಿದವರಿಗೆ ಇದು ಗೊತ್ತು. ಊರಿನ ಪಾದ್ರಿಯವರ ಕೋರಿಕೆಯಂತೆ 1949ರ ಅಕ್ಟೋಬರ್ 13ರಂದು ಹನ್ನೆರಡನೆಯ ಪಿಯುಸ್ ಪೋಪರು ಘಿಸಾಲ್ಲೊ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು.

ಒಳಗೆ ಹೋದರೆ ಗೋಡೆಗಳ ತುಂಬ ಸೈಕಲ್ಲುಗಳು, ಪಂದ್ಯದ ಅಂಗಿಗಳು. ಹರಕೆಯ ರೂಪದಲ್ಲಿ ಬಂದವು. ಬಾರ್ತಾಲಿ ಮತ್ತು ಕೊಪ್ಪಿಯವರ ಸೈಕಲ್ಲುಗಳೂ ಅಲ್ಲಿವೆ. ಜೀನೊ ಬಾರ್ತಾಲಿ 1938ರಲ್ಲಿ ಮತ್ತು 1948ರಲ್ಲಿ ಫ್ರಾನ್ಸಿನ ಮಹಾಪಂದ್ಯವನ್ನು ಗೆದ್ದವರು. ಅವರು ಯುದ್ಧಕಾಲದಲ್ಲಿ, 1943-44ರಲ್ಲಿ, ಯೆಹೂದ್ಯರನ್ನು ಉಳಿಸಲು ಬೇಕಾದ ಸುಳ್ಳು ಗುರುತುಪತ್ರಗಳನ್ನು ಸೈಕಲ್ಲಿನ ಕೊಳವೆಯೊಳಗೆ ಅಡಗಿಸಿ ಫ್ಲಾರೆನ್ಸ್ ಮತ್ತು ಅಸ್ಸೀಸಿಗಳ ನಡುವೆ ಸಾಗಿಸಿದರೆಂದು ಹೇಳುತ್ತಾರೆ. ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆಯಿದೆ. ಆದರೆ ಇಸ್ರೇಲಿನ ಯಾದ್ ವಾಷೆಮ್ ಸಂಸ್ಥೆ ಅವರು ತೀರಿಕೊಂಡ ಹದಿಮೂರು ವರ್ಷಗಳ ನಂತರ, 2013ರಲ್ಲಿ, ಅವರನ್ನು ಗೌರವಿಸಿತು.

ಆ ಗೋಡೆಯ ಮೇಲೆ ನುಗ್ಗಾದ ಒಂದು ಸೈಕಲ್ ಇದೆ. ಫಾಬಿಯೊ ಕಾಸಾರ್ತೆಲ್ಲಿ ಎಂಬ ಅದೇ ಸೀಮೆಯ ಯುವಕನದು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದವನು. 1995ರ ಜುಲೈ 18ರಂದು ಫ್ರಾನ್ಸಿನ ಪಿರೆನೀಸ್ ಬೆಟ್ಟದ ಇಳಿಜಾರಿನಲ್ಲಿ ಬಿದ್ದು ಸತ್ತನು. ವಯಸ್ಸು ಇಪ್ಪತ್ತನಾಲ್ಕು. ಮಡಿದ ಸವಾರರಿಗಾಗಿ ಒಳಗೊಂದು ದೀಪ ಉರಿಯುತ್ತಿರುತ್ತದೆ.

ಅಲ್ಲಿ ನಾನು ಕುಳಿತುಬಿಟ್ಟೆ.

1983ರಲ್ಲಿ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿದ್ದವರಿಗೆ ಅವನ ನೆನಪಿರಬೇಕು. ಹೆಸರು ಬರೆಯುವುದಿಲ್ಲ. ಎಂಟು ಮೈಲಿ ದೂರದಿಂದ ಅಪ್ಪನ ಸೈಕಲ್ಲಿನಲ್ಲಿ ಬರುತ್ತಿದ್ದ. ತಡವಾಗಿ ಬಂದವರನ್ನು ಪ್ರಾರ್ಥನೆಯ ನಂತರ ಬಿಸಿಲಿನಲ್ಲಿ ನಿಲ್ಲಿಸುವುದು ನನ್ನ ಶಿಸ್ತಾಗಿತ್ತು. ಹಿಂದಿನ ದಿನವೂ ಅವನನ್ನು ನಿಲ್ಲಿಸಿದ್ದೆ. ಮಾರನೆಯ ಬೆಳಿಗ್ಗೆ ಸೇತುವೆಯ ಬಳಿಯ ಇಳಿಜಾರಿನಲ್ಲಿ ವೇಗವಾಗಿ ಬರುತ್ತಿದ್ದವನು ಎದುರಿನ ಲಾರಿಗೆ ಸಿಕ್ಕಿದ. ಆಗ ಒಂಬತ್ತೂ ಮುಕ್ಕಾಲು. ಗಂಟೆ ಬಾರಿಸಲು ಇನ್ನೂ ಹದಿನೈದು ನಿಮಿಷವಿತ್ತು.

ಆ ವರ್ಷದಿಂದ ನಾನು ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ಮೇಷ್ಟ್ರು ಮೆತ್ತಗಾದರೆಂದು ನೀವು ನಗುತ್ತಿದ್ದಿರಿ. ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಅವನ ತಂದೆಯವರಿಗೂ ಹೇಳಲಿಲ್ಲ. ಅವರು ತೀರಿಕೊಂಡು ಬಹಳ ಕಾಲವಾಯಿತು.

ದೇವರ ವಿಷಯದಲ್ಲಿ ನಾನು ಹೆಚ್ಚು ಮಾತನಾಡುವವನಲ್ಲ. ಆದರೆ ಘಿಸಾಲ್ಲೊದಲ್ಲಿ ಒಂದು ಯೂರೋ ಹಾಕಿ ಮೇಣದ ಬತ್ತಿಯೊಂದನ್ನು ಹಚ್ಚಿದೆ. ಮಗಳು ಏನನ್ನೂ ಕೇಳಲಿಲ್ಲ. ಹೊರಗೆ ಹದಿನಾರು ಹದಿನೇಳರ ನಾಲ್ಕಾರು ಹುಡುಗರು ಏರು ಹತ್ತಿ ಬಂದು, ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ, ನಲ್ಲಿಯ ನೀರು ಕುಡಿಯುತ್ತಿದ್ದರು. ಅವರು ಇಳಿಜಾರಿನತ್ತ ಹೊರಟಾಗ ನಾನು ಕನ್ನಡದಲ್ಲಿಯೇ, "ನಿಧಾನ ಕಣ್ರಪ್ಪಾ" ಎಂದೆ. ಒಬ್ಬ ತಿರುಗಿ ನೋಡಿ ಕೈ ಬೀಸಿದ.

ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ, ಅನೇಕರಿಗೆ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಅದಕ್ಕಾಗಿ ಇದನ್ನು ಬರೆದೆ.