ಇಂಗಳದಾಳ್ ತಾಮ್ರ ಮತ್ತು ಆಸ್ಪತ್ರೆಯ ಕಲಾಯಿ

ಕೋಟೆ ನೋಡೋಕೆ ಚಿತ್ರದುರ್ಗಕ್ಕೆ ಬರುವವರಲ್ಲಿ ಎಷ್ಟೋ ಜನಕ್ಕೆ ಪಕ್ಕದ ಇಂಗಳದಾಳ್ ಹೆಸರೇ ಗೊತ್ತಿರಲ್ಲ. ಅಲ್ಲಿನ ನೆಲದಲ್ಲಿ ತಾಮ್ರದ ಅದಿರಿದೆ. ಹಳೇ ಕಾಲದವರು ಅಗೆದ ಗುರುತುಗಳೂ ಇವೆ. ಈಚೆಗೆ ಹಟ್ಟಿ ಚಿನ್ನದ ಗಣಿ ಕಂಪನಿ ಅಲ್ಲಿ ತಾಮ್ರದ ಘಟಕ ನಡೆಸಿ, ಆಮೇಲೆ ಮುಚ್ಚಿತು.

ಹೊಳಲ್ಕೆರೆ, ಹೊಸದುರ್ಗ ಕಡೆಯ ಹಳೇ ಮನೆಗಳಲ್ಲಿ ಕುಡಿಯೋ ನೀರಿಗೆ ತಾಮ್ರದ ಕೊಡ. ಹುಳಿ ಬೇಯಿಸುವ ಪಾತ್ರೆಗೆ ಮಾತ್ರ ಒಳಗೆ ತವರದ ಕಲಾಯಿ. ಯಾಕಂದ್ರೆ ಹುಳಿ ತಾಕಿದರೆ ತಾಮ್ರ ಊಟಕ್ಕೆ ಇಳಿಯುತ್ತೆ. ಕಲಾಯಿ ಸವೆದರೆ ಮತ್ತೆ ಹಾಕಿಸಲೇಬೇಕು.

ಕೊಡದ ನೀರನ್ನು ವಿಜ್ಞಾನ ಪರೀಕ್ಷಿಸಿದ್ದೂ ನಮ್ಮಲ್ಲೇ. ಬೆಂಗಳೂರಿನ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು ಕಾಲರಾ, ಟೈಫಾಯ್ಡ್, ಆಮಶಂಕೆಯ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ಹುಡುಕಿದರೆ ಬದುಕಿದ್ದು ಒಂದೂ ಸಿಗಲಿಲ್ಲ. ನೀರಿಗೆ ಇಳಿದ ತಾಮ್ರ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಎಷ್ಟೋ ಕಡಿಮೆ. ಇದು ಪ್ರಕಟವಾಗಿದ್ದು 2012ರಲ್ಲಿ. ಅದಕ್ಕೂ ಮೊದಲೇ, 2008ರಲ್ಲಿ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತಾಮ್ರದ ಮಿಶ್ರಲೋಹಗಳನ್ನು ಬ್ಯಾಕ್ಟೀರಿಯಾ ಕೊಲ್ಲುವ ಮೇಲ್ಮೈ ಅಂತ ನೋಂದಾಯಿಸಿತ್ತು.

ಆಸ್ಪತ್ರೆಗಳು ಹಿಡಿದದ್ದು ಇನ್ನೊಂದು ದಾರಿ. ದೇಹದೊಳಗೆ ಇಡುವ ಕ್ಯಾತೆಟರ್ ಮೇಲೆ ಬ್ಯಾಕ್ಟೀರಿಯಾ ಲೋಳೆಯಂಥ ಪದರ ಕಟ್ಟಿಕೊಂಡು ಕೂರುತ್ತವೆ. ಅದರೊಳಗೆ ಔಷಧಿ ಸುಲಭವಾಗಿ ನುಗ್ಗಲ್ಲ. ಹಾಗಾಗಿ 1990ರ ದಶಕದಲ್ಲೇ ಕ್ಯಾತೆಟರಿಗೆ ಆ್ಯಂಟಿಬಯೋಟಿಕ್ ಲೇಪಿಸಿದರು. ಈಗ ಅದೇ ಔಷಧಿಯನ್ನು ನ್ಯಾನೋ ಕಣಗಳಿಗೆ ಅಂಟಿಸುವ ಪ್ರಯತ್ನ ನಡೀತಿದೆ. ಕಣ ಸಣ್ಣದಾದಷ್ಟೂ ಅಷ್ಟೇ ತೂಕಕ್ಕೆ ಮೇಲ್ಮೈ ಜಾಸ್ತಿ, ಔಷಧಿ ಹಿಡಿಯೋ ಜಾಗವೂ ಜಾಸ್ತಿ.

ತೊಡಕಿರೋದು ಲೇಪನ ಸವೆಯುವಾಗ. ಆಗ ಉಳಿಯೋದು ಅರೆಬರೆ ಡೋಸು. ಅದರಲ್ಲಿ ದುರ್ಬಲವಾದವು ಸಾಯುತ್ತವೆ, ತಡೆದುಕೊಂಡವು ಸಂತಾನ ಬೆಳೆಸುತ್ತವೆ. ಕಡಿಮೆ ಡೋಸಿನ ಈ ಅಪಾಯವನ್ನು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಹೇಳಿದ್ದರು. ಪಾತ್ರೆಗಾದರೆ ಮತ್ತೆ ಕಲಾಯಿ ಹಾಕಿಸಬಹುದು, ಕೈಬಿಟ್ಟ ಔಷಧಿಗೆ ಹಾಗಾಗಲ್ಲ. ತಾಮ್ರಕ್ಕೆ ಒಗ್ಗುವ ಬ್ಯಾಕ್ಟೀರಿಯಾಗಳೂ ಇವೆ ನಿಜ. ಆದರೆ ತಾಮ್ರ ಪೊರೆ, ಪ್ರೋಟೀನ್, ಡಿಎನ್‌ಎ ಮೂರಕ್ಕೂ ಪೆಟ್ಟು ಕೊಡೋದರಿಂದ ತಪ್ಪಿಸಿಕೊಳ್ಳೋದು ಕಷ್ಟ.

ಹಾಗಂತ ಆನ್‌ಲೈನಲ್ಲಿ ತಾಮ್ರದ ಬಾಟಲಿ ತರಿಸಿಕೊಂಡರೆ ಎಲ್ಲ ಸರಿಹೋಗಲ್ಲ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಅದರಿಂದ ಹೋಗಲ್ಲ. ಅದರಲ್ಲಿ ನಿಂಬೆರಸ, ಮಜ್ಜಿಗೆ ಇಡಲೂಬಾರದು. ಇನ್ನು ಯಾವುದಾದರೂ ವಸ್ತುವಿನ ಮೇಲೆ ‘ಆ್ಯಂಟಿಬ್ಯಾಕ್ಟೀರಿಯಲ್ ಕೋಟಿಂಗ್’ ಅಂತ ಕಂಡರೆ ಎರಡು ಪ್ರಶ್ನೆ ಕೇಳಿ: ಒಳಗಿರೋದು ಏನು? ಸವೆದ ಮೇಲೆ ಅದು ಎಲ್ಲಿಗೆ ಹೋಗುತ್ತೆ?