ಗೋಡೆಗೆ ಅಂಟಿದ ಅಡುಗೆ ಮನೆ

ಮನೆ ಕೊಳ್ಳಲು ಬಂದವರು ಹಾಲ್ ನೋಡಿ ತಲೆದೂಗುತ್ತಾರೆ, ಮಲಗುವ ಕೋಣೆ ನೋಡಿ ಸುಮ್ಮನಾಗುತ್ತಾರೆ. ಮಾತುಕತೆ ತೊಡರುವುದು ಹೆಚ್ಚಾಗಿ ಅಡುಗೆ ಮನೆಯಲ್ಲಿ. ಒಲೆ ಆಗ್ನೇಯ ಮೂಲೆಯಲ್ಲಿಲ್ಲ ಎಂದು ಕೆಲವರು, ನಾಲ್ಕು ಮಂದಿ ನಿಂತು ಅಡುಗೆ ಮಾಡಲು ಜಾಗವಿಲ್ಲ ಎಂದು ಕೆಲವರು, ಹಾಲ್‌ನಲ್ಲಿ ಕುಳಿತ ಅತಿಥಿಗಳಿಗೆ ಒಳಗೆ ದುಡಿಯುವ ಹೆಂಗಸರು ಕಾಣುತ್ತಾರೆ ಎಂದು ಇನ್ನು ಕೆಲವರು ಹಿಂದೆ ಸರಿಯುತ್ತಾರೆ. ರೂಢಿಗೆ ಹೊರತಾದ ಅಡುಗೆ ಮನೆ ಕಟ್ಟಬೇಡಿ, ಮುಂದೆ ಮಾರುವಾಗ ಕಷ್ಟ ಎಂದು ದಲ್ಲಾಳಿಗಳು ಎಚ್ಚರಿಸುವುದುಂಟು. ಈ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ತಿಳಿಯಲು ಕಳೆದ ಶತಮಾನದ ಯುರೋಪಿನ ಎರಡು ಪ್ರಯೋಗಗಳನ್ನು ನೋಡಬಹುದು.

ಮೊದಲನೆಯ ಮಹಾಯುದ್ಧದ ಬಳಿಕ ಜರ್ಮನಿಯಲ್ಲಿ ಮನೆಗಳಿಗೆ ತೀವ್ರ ಅಭಾವವಿತ್ತು. ಫ್ರಾಂಕ್‌ಫರ್ಟ್ ನಗರಾಡಳಿತವು 1925ರಲ್ಲಿ ಎರ್ನ್ಸ್ಟ್ ಮಾಯ್ ಎಂಬ ವಾಸ್ತುಶಿಲ್ಪಿಗೆ ವಸತಿ ನಿರ್ಮಾಣದ ಹೊಣೆ ಒಪ್ಪಿಸಿತು. ಅವರು ವಿಯೆನ್ನಾದಿಂದ ಮಾರ್ಗರೆಟೆ ಲಿಹೋಟ್ಸ್ಕಿ ಎಂಬ ಯುವ ವಾಸ್ತುಶಿಲ್ಪಿಯನ್ನು ಕರೆಸಿಕೊಂಡರು. 1926ರಲ್ಲಿ ಈಕೆ ರೂಪಿಸಿದ್ದೇ ಮುಂದೆ 'ಫ್ರಾಂಕ್‌ಫರ್ಟ್ ಅಡುಗೆ ಮನೆ' ಎಂದು ಹೆಸರಾಯಿತು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ, ಅಷ್ಟೇ. ರೈಲಿನ ಭೋಜನದ ಡಬ್ಬಿಯಲ್ಲಿ ಇಷ್ಟೇ ಜಾಗದಲ್ಲಿ ಎಷ್ಟೋ ಜನರಿಗೆ ಊಟ ಸಿದ್ಧವಾಗುವುದಾದರೆ ಒಂದು ಕುಟುಂಬಕ್ಕೆ ಏಕಾಗದು ಎಂಬುದು ಆಕೆಯ ತರ್ಕ. ಕಾರ್ಖಾನೆಯಲ್ಲಿ ಕಾರ್ಮಿಕನ ಚಲನೆಯನ್ನು ಗಡಿಯಾರ ಹಿಡಿದು ಅಳೆಯುವಂತೆ ಇಲ್ಲಿ ಗೃಹಿಣಿಯ ಹೆಜ್ಜೆಗಳನ್ನು ಲೆಕ್ಕ ಹಾಕಲಾಯಿತು. ಬೇಳೆ, ಅಕ್ಕಿ, ಸಕ್ಕರೆಗೆ ಹಿಡಿಕೆಯುಳ್ಳ ಅಲ್ಯುಮಿನಿಯಂ ಡ್ರಾಯರ್‌ಗಳು, ಹುಳು ಹಿಡಿಯದಂತೆ ಹಿಟ್ಟಿಗೆ ಓಕ್ ಮರದ ಡಬ್ಬ, ನೊಣ ಕೂರುವುದಿಲ್ಲವೆಂಬ ನಂಬಿಕೆಯಿಂದ ಕಪಾಟುಗಳಿಗೆ ನೀಲಿ ಹಸಿರು ಬಣ್ಣ. ಇಂತಹ ಸುಮಾರು 10,000 ಅಡುಗೆ ಮನೆಗಳು ನಿರ್ಮಾಣವಾದವು.

ಹೆಂಗಸರಿಗೆ ದುಡಿಮೆ ಕಡಿಮೆಯಾಗಬೇಕು, ಸ್ವಂತಕ್ಕೆ ಸಮಯ ಸಿಗಬೇಕು ಎಂಬ ಉದ್ದೇಶ ಪ್ರಾಮಾಣಿಕವಾದದ್ದೇ. ಆದರೆ ಅಲ್ಲಿನ ಕಾರ್ಮಿಕರ ಮನೆಗಳಲ್ಲಿ ಅಡುಗೆ ಮನೆಯೆಂದರೆ ಬರೀ ಅಡುಗೆಯ ಜಾಗವಾಗಿರಲಿಲ್ಲ. ಉಣ್ಣುವುದು, ಹರಟುವುದು, ಸ್ನಾನ ಮಾಡುವುದು, ಚಳಿಗೆ ಒಲೆಯ ಬಳಿ ಮಲಗುವುದು ಎಲ್ಲವೂ ಅಲ್ಲೇ. ಹೊಸದರಲ್ಲಿ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ಬಿಟ್ಟು, ತೆರೆದ ಬಾಗಿಲಿನಿಂದ ಕಣ್ಣಿಡಬೇಕು. ಅಜ್ಜಿಯ ಕಾಲದ ಕಪಾಟು ತರುವಂತಿಲ್ಲ, ಏಕೆಂದರೆ ಎಲ್ಲವೂ ಗೋಡೆಗೇ ಜೋಡಣೆಯಾಗಿತ್ತು. ಆ ಜೋಡಣೆಯ ವೆಚ್ಚವೂ ಬಾಡಿಗೆಯಲ್ಲಿ ಸೇರಿತ್ತು. ಕಡುಬಡ ಕಾರ್ಮಿಕರಿಗೆ ಈ ಬಡಾವಣೆಗಳ ಬಾಡಿಗೆ ಎಟುಕಲೇ ಇಲ್ಲ. ಇದನ್ನು ರೂಪಿಸುವ ಮುನ್ನ ತಾನು ಅಡುಗೆ ಮಾಡಿದವಳೇ ಅಲ್ಲ ಎಂದು ಆಕೆ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರು.

ಆಕೆಯನ್ನು ಬರೀ ಅಡುಗೆ ಮನೆಯಿಂದ ಅಳೆಯುವುದು ಅನ್ಯಾಯ. 1938ರಲ್ಲಿ ಇಸ್ತಾಂಬುಲ್‌ಗೆ ಹೋಗಿ ಅಲ್ಲಿನ ಕಲಾ ಅಕಾಡೆಮಿಯಲ್ಲಿ ಕೆಲಸ ಮಾಡಿದರು. ಸುರಕ್ಷಿತವಾಗಿದ್ದ ಆ ಊರನ್ನು ಬಿಟ್ಟು 1940ರಲ್ಲಿ ವಿಯೆನ್ನಾಕ್ಕೆ ಮರಳಿದ್ದು ನಾಝಿ ವಿರೋಧಿ ಭೂಗತ ಚಳವಳಿಗಾಗಿ. 1941ರ ಜನವರಿಯಲ್ಲಿ ಬಂಧನಕ್ಕೊಳಗಾಗಿ 1945ರವರೆಗೆ ಸೆರೆಮನೆಯಲ್ಲಿದ್ದರು.

ಅಷ್ಟರಲ್ಲಿ ಆಕೆಯ ಅಡುಗೆ ಮನೆ ಹಳತಾಗಿತ್ತು. ಫ್ರಿಜ್ ಇಡಲು ಜಾಗವಿಲ್ಲದ ಇಕ್ಕಟ್ಟನ್ನು ಜನ ಏಕೆ ಇಟ್ಟುಕೊಳ್ಳುತ್ತಾರೆ? ದುರಸ್ತಿಯ ವೇಳೆ ಹೆಚ್ಚಿನವನ್ನು ಕಿತ್ತೆಸೆದರು. ಉಳಿದ ಕೆಲವಕ್ಕೆ ಈಗ ಎಲ್ಲಿಲ್ಲದ ಬೆಲೆ! ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ಅಂತಹ ಒಂದನ್ನು ಪಡೆದು 2010ರಲ್ಲಿ ಪ್ರದರ್ಶನಕ್ಕಿಟ್ಟಿತು. ಅದೇ ಮರ, ಅದೇ ಡ್ರಾಯರ್. ಸಂಸಾರ ಹೂಡುವವನಿಗೆ ಅದು ಕೊರತೆ, ಸಂಗ್ರಹಕಾರನಿಗೆ ಸಂಪತ್ತು. ಅಡುಗೆ ಮನೆಯ ವಿಚಿತ್ರಕ್ಕೆ ತನ್ನದೇ ಆದ ಬೆಲೆಯಿಲ್ಲ, ಕೊಳ್ಳುವವನ ಸಂಸಾರ ಎಂತಹದು ಎಂಬುದೇ ಅದನ್ನು ನಿರ್ಧರಿಸುತ್ತದೆ ಎಂದು ನನಗನಿಸುತ್ತದೆ. ಬದಲಾಯಿಸಲು ತಗಲುವ ಖರ್ಚು ಇನ್ನೊಂದು ಮಾತು. ಕಟ್ಟೆ ಒಡೆಯುವುದು ಸುಲಭ. ನೀರಿನ ಪೈಪು, ಕೊಳಚೆ ಹೋಗುವ ದಾರಿ, ಹೊಗೆಗೂಡು ಸ್ಥಳಾಂತರಿಸುವುದು ಸುಲಭವಲ್ಲ.

ಲಂಡನ್ನಿನ ಪ್ರಯೋಗ ಇನ್ನೂ ಧೈರ್ಯದ್ದು. ಹ್ಯಾಂಪ್‌ಸ್ಟೆಡ್‌ನ ಲಾನ್ ರೋಡಿನಲ್ಲಿ 1934ರಲ್ಲಿ ತೆರೆದ ಫ್ಲ್ಯಾಟುಗಳಲ್ಲಿ ಪ್ರತಿಯೊಬ್ಬರಿಗೂ ಇದ್ದದ್ದು ತೀರಾ ಪುಟ್ಟ ಅಡುಗೆ ಮೂಲೆ. ಊಟ ಕೆಳಗಿನ ಸಾಮೂಹಿಕ ಅಡುಗೆ ಮನೆಯಿಂದ ಬರಬೇಕು. ಅದಕ್ಕೆಂದೇ ತಟ್ಟೆಗಳನ್ನು ಮೇಲೆತ್ತುವ ಪುಟ್ಟ ಲಿಫ್ಟ್ ಇತ್ತು. ಒಂಟಿಯಾಗಿ ಬಾಳುವ ವಿದ್ಯಾವಂತರು ಅಲ್ಲಿಗೆ ಬಂದರು. ಪತ್ತೇದಾರಿ ಕಾದಂಬರಿಕಾರ್ತಿ ಅಗಾಥಾ ಕ್ರಿಸ್ಟಿ 1941ರಿಂದ ಕೆಲವು ವರ್ಷ ಅಲ್ಲಿದ್ದರು. ಆದರೆ ಮೂರೇ ವರ್ಷಗಳಲ್ಲಿ, 1937ರಲ್ಲಿ, ಆ ಸಾಮೂಹಿಕ ಅಡುಗೆ ಮನೆಯನ್ನು ರೆಸ್ಟೋರೆಂಟ್ ಮತ್ತು ಬಾರ್ ಆಗಿ ಬದಲಾಯಿಸಬೇಕಾಯಿತು. 1969ರಲ್ಲಿ ಕಟ್ಟಡ ಮಾರಾಟವಾಯಿತು, ಆ ಜಾಗವೂ ವಾಸದ ಫ್ಲ್ಯಾಟುಗಳಾಯಿತು. 1972ರಲ್ಲಿ ಸ್ಥಳೀಯ ಆಡಳಿತ ಅದನ್ನು ಕೊಂಡಿತು. ಬಳಿಕ ಪಾಳುಬಿದ್ದು, 1999ರಲ್ಲಿ ಪ್ರಥಮ ದರ್ಜೆಯ ಸಂರಕ್ಷಿತ ಕಟ್ಟಡವೆಂದು ಘೋಷಿತವಾಗಿ, 2000ದ ದಶಕದ ಆರಂಭದಲ್ಲಿ ಜೀರ್ಣೋದ್ಧಾರಗೊಂಡಿತು. ಈಗ ಅಲ್ಲಿ ಜನ ವಾಸವಿದ್ದಾರೆ, ಕೆಳಗಿನಿಂದ ಊಟ ಮಾತ್ರ ಬರುವುದಿಲ್ಲ.